ಒಂದು ಕಾಲಿನ ಅಳತೆ

ಟೈಲರಕ್ಕನಿಗೆ ಜಂಬ ಅಂತ ಏನಾದರೂ ಇದ್ದರೆ ಅದು ಅಳತೆಯ ವಿಷಯದಲ್ಲಿ ಮಾತ್ರ. ಅಡುಗೆಗೆ ಉಪ್ಪು ಜಾಸ್ತಿ ಆಯಿತು ಅಂದರೆ ನಕ್ಕು ಸುಮ್ಮನಾಗುತ್ತಾಳೆ. ಹಾಡು ಕರ್ಕಶವಾಗಿದೆ ಅಂದರೆ ಇನ್ನೂ ಜೋರಾಗಿ ಹಾಡುತ್ತಾಳೆ. ಆದರೆ 'ತೋಳು ಒಂಚೂರು ಉದ್ದ ಆಯ್ತೇನೋ' ಎಂದು ಯಾರಾದರೂ ಬಾಯಿ ತಪ್ಪಿ ಅಂದರೋ, ಮುಗಿಯಿತು ಅವರ ಕಥೆ. ಅಂಗಿ ತೊಟ್ಟವರನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ತೋಳು ಸರಿಯಾಗೇ ಇದೆ. ನೀವೇ ಭುಜ ಇಳಿಬಿಟ್ಕೊಂಡು ನಿಂತಿದೀರಿ. ನೆಟ್ಟಗೆ ನಿಲ್ಲಿ" ಅನ್ನುತ್ತಾಳೆ. ಬಂದವರು ಎದೆಯುಬ್ಬಿಸಿ ನೆಟ್ಟಗೆ ನಿಂತುಕೊಂಡು, ಹಾಗೇ ನೆಟ್ಟಗೆ ಮನೆಗೆ ಹೋಗುತ್ತಾರೆ. ಬೀದಿಯ ತಿರುವು ದಾಟಿದ ಮೇಲೆ ಉಸಿರು ಬಿಡುತ್ತಾರೋ ಏನೋ, ಅದನ್ನು ಅವಳು ನೋಡಲು ಹೋಗಿಲ್ಲ.

ಅವಳ ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆದ ಎರಡು ಬಾಗಿಲ ಪಕ್ಕದಲ್ಲಿ ಎರಡು ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಅಗಲವಾದ ಮೇಜು, ಗೋಡೆಗೆ ಒರಗಿಸಿದ ಹಸಿರು ಬೀರು, ನೆಲದ ತುಂಬ ನೂಲಿನ ತುಂಡು. ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಅಲ್ಲಿ ಇರುವವರು ಮೂವರು. ಗಂಡ ದೂರದೂರಿಗೆ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನಗಳಲ್ಲಿ ಅವಳು ಮತ್ತು ಅವನ ತಂಗಿ, ಅಂದರೆ ಅವಳ ನಾದಿನಿ.

ಅವಳು ಮದುವೆಯಾಗಿ ಈ ಮನೆಗೆ ಬಂದಾಗ ನಾದಿನಿಗೆ ಒಂಬತ್ತು ವರ್ಷ. ತಾಯಿ ತೀರಿಕೊಂಡು ವರ್ಷ ತುಂಬಿತ್ತು. ಕಡ್ಡಿಯಂಥ ಕೈಕಾಲು, ಚುಚ್ಚುವಂಥ ಮಾತು. ಬಂದ ವಾರವೇ ಟೈಲರಕ್ಕ ಅವಳಿಗೆ 'ಸೂಜಿ' ಎಂದು ಹೆಸರಿಟ್ಟಳು, ಅದೇ ನಿಂತಿತು. ಜಡೆ ಹೆಣೆದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ಅಣ್ಣನಿಗೆ ಗೊತ್ತಾಗದಂತೆ ಸಹಿ ಹಾಕಿ ಕಳಿಸಿದ್ದು, ಎಲ್ಲ ಇವಳೇ. ಈಗ ಸೂಜಿಗೆ ಇಪ್ಪತ್ತೇಳು. ಔಷಧಿ ಅಂಗಡಿಯೊಂದರಲ್ಲಿ ಕೆಲಸ. ಮನಸ್ಸು ಮಾತ್ರ ಅಗ್ನಿಶಾಮಕ ದಳದಲ್ಲಿ.

ಅದಕ್ಕೂ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಇವರ ಬೀದಿಯ ಕೊನೆಯಲ್ಲಿದ್ದ ಬಟ್ಟೆ ಗೋದಾಮಿಗೆ ಬೆಂಕಿ ಬಿತ್ತು. ಮೇಲಿನ ಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಮುದುಕರೊಬ್ಬರನ್ನು ಒಬ್ಬ ಹೆಂಗಸು ಹೆಗಲ ಮೇಲೆ ಹಾಕಿಕೊಂಡು ಏಣಿಯಿಂದ ಇಳಿಸಿದ್ದನ್ನು ಸೂಜಿ ಕಣ್ಣಾರೆ ನೋಡಿದಳು. ಅವತ್ತಿನಿಂದ ಒಂದೇ ಪಟ್ಟು. ಬರಹದ ಪರೀಕ್ಷೆ ಪಾಸಾದಳು. ಹಗ್ಗ ಹತ್ತಿದಳು, ಏಣಿ ಹತ್ತಿದಳು, ಮೂಟೆ ಹೊತ್ತಳು. ಎಡವಿದ್ದು ಓಟದಲ್ಲಿ. ಮೈದಾನದ ಆರು ಸುತ್ತನ್ನು ಹದಿಮೂರು ನಿಮಿಷದೊಳಗೆ ಮುಗಿಸಬೇಕು. ಕಳೆದ ವರ್ಷ ಹತ್ತೊಂಬತ್ತು ಸೆಕೆಂಡು ತಡವಾಯಿತು. ಐದನೇ ಸುತ್ತಿನಲ್ಲಿ ಕಾಲು ಕಲ್ಲಾಯಿತು ಎಂದು ಹೇಳಿ ಎರಡು ದಿನ ಊಟ ಬಿಟ್ಟಿದ್ದಳು. ಇಪ್ಪತ್ತೆಂಟು ತುಂಬಿದವರ ಅರ್ಜಿಯನ್ನೇ ಅವರು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಜೀವನಪೂರ್ತಿ ಔಷಧಿ ಅಂಗಡಿಯೇ ಗತಿ.

ಕಳೆದ ವರ್ಷ ಅವಳು ಓಡಿದ್ದು ಹಳೆಯ ಕ್ಯಾನ್ವಾಸ್ ಶೂಗಳಲ್ಲಿ. ಎಡಗಾಲಿನ ಶೂ ತುದಿಯಲ್ಲಿ ಎರಡು ಸಲ ಹರಿದಿತ್ತು. ಟೈಲರಕ್ಕನೇ ದಪ್ಪ ಸೂಜಿ, ಮೇಣದ ನೂಲು ಹಿಡಿದು ಎರಡು ಸಲವೂ ತೇಪೆ ಹಾಕಿದ್ದಳು. ತೇಪೆ ಹಾಕಿದ್ದೇ ಕಾಣದಷ್ಟು ಅಚ್ಚುಕಟ್ಟು ಕೆಲಸ. ಹರಿದದ್ದು ಎಡಗಾಲಿನದೇ ಏಕೆ ಎಂದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಹರಿದದ್ದನ್ನು ಹೊಲಿಯುವುದೇ ಕೆಲಸವಾದವರಿಗೆ ಏಕೆ ಹರಿಯಿತು ಎಂದು ಕೇಳುವ ಅಭ್ಯಾಸ ಇರುವುದಿಲ್ಲ.

ಈ ವರ್ಷ ಒಳ್ಳೆಯ ಓಟದ ಶೂ ಕೊಡಿಸಲೇಬೇಕು, ಅದೂ ಹೇಳದೆ ಕೇಳದೆ ಕೈಗಿಟ್ಟು ಬೆರಗುಗೊಳಿಸಬೇಕು ಎಂದು ಅವಳು ನಿರ್ಧರಿಸಿದಳು. ಒಂದು ಬೆಳಿಗ್ಗೆ ಸೂಜಿ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಚಹಾ ಕುಡಿಯುತ್ತಿದ್ದಳು.

"ಕಾಲು ಚಾಚು" ಅಂದಳು ಟೈಲರಕ್ಕ, ಕೊರಳಿನ ಟೇಪು ತೆಗೆಯುತ್ತ.

"ಪ್ಯಾಂಟಾ ಅತ್ತಿಗೆ?"

"ಏನೋ ಒಂದು. ಸುಮ್ನೆ ಚಾಚು."

ಸೂಜಿ ಬಲಗಾಲು ಚಾಚಿದಳು. ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ, ಆಮೇಲೆ ಅಗಲ, ಆಮೇಲೆ ಪಾದದ ಮೇಲ್ಭಾಗದ ಸುತ್ತ. ಬರೆದುಕೊಂಡಳು. ಎಡಗಾಲನ್ನು ಮುಟ್ಟಲೂ ಇಲ್ಲ. ಇಪ್ಪತ್ತೈದು ವರ್ಷದಿಂದ ಪ್ಯಾಂಟು ಹೊಲಿಯುವ ಕೈ ಅದು. ಪ್ಯಾಂಟಿಗೆ ಯಾರೂ ಎರಡೂ ಕಾಲಿನ ಅಳತೆ ತೆಗೆಯುವುದಿಲ್ಲ. ಬಲಗಾಲಿನದು ತೆಗೆದು, ಬಟ್ಟೆಯನ್ನು ಎರಡು ಪದರ ಮಡಚಿ, ಒಂದೇ ಕತ್ತರಿಗೆ ಎರಡನ್ನೂ ಕತ್ತರಿಸುವುದು. ಒಂದು ಕಾಲು ಇನ್ನೊಂದರ ಹಾಗೆಯೇ ಇರುತ್ತದೆ ಎಂಬುದು ಅವಳ ಮಟ್ಟಿಗೆ ಸೂರ್ಯ ಮೂಡುವಷ್ಟೇ ಖಚಿತ.

ಓಟದ ಶೂಗಳ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಓಡುವವರ ಶೂ ಮಾರುವ ಆ ಮನುಷ್ಯನಿಗೆ ಜನ ಇಟ್ಟಿದ್ದ ಹೆಸರು ನಿಧಾನಪ್ಪ. ಐವತ್ತು ದಾಟಿದ ತೆಳು ದೇಹ, ಎದೆಯ ಮೇಲೆ ದಾರಕ್ಕೆ ಕಟ್ಟಿ ಇಳಿಬಿಟ್ಟ ಕನ್ನಡಕ. ಗಿರಾಕಿಗಳು ತಲೆ ಮೇಲೆ ತಲೆ ಬಿದ್ದರೂ ಅವನು ಅವಸರ ಮಾಡುವವನಲ್ಲ. ಟೈಲರಕ್ಕ ಚೀಟಿ ಮುಂದಿಟ್ಟಳು. ಅವನು ಕನ್ನಡಕ ಏರಿಸಿ ಚೀಟಿ ನೋಡಿದ, ಆಮೇಲೆ ಅವಳ ಬೆನ್ನ ಹಿಂದೆ ನೋಡಿದ.

"ಓಡೋರು ಎಲ್ಲಿ?"

"ಅವಳು ಕೆಲಸಕ್ಕೆ ಹೋಗಿದಾಳೆ. ಅಳತೆ ತಂದಿದೀನಲ್ಲ."

"ಅಳತೆ ಓಡಲ್ವಲ್ಲಮ್ಮ. ಅವರನ್ನ ಕರ್ಕೊಂಡು ಬನ್ನಿ. ಸಂಜೆ ಬನ್ನಿ."

ಟೈಲರಕ್ಕನ ಮೂಗಿನ ತುದಿ ಕೆಂಪಾಯಿತು. "ನಾನು ಟೈಲರು. ನನ್ನ ಅಳತೆ ಇವತ್ತಿನವರೆಗೂ ತಪ್ಪಿಲ್ಲ."

ನಿಧಾನಪ್ಪ ವಾದಕ್ಕೆ ಇಳಿಯಲಿಲ್ಲ. ಚೀಟಿಯಲ್ಲಿದ್ದ ಅಳತೆಗಿಂತ ಒಂದು ಸೈಜು ದೊಡ್ಡದನ್ನು ತಂದಿಟ್ಟ. ಅವಳು ಒಳಗೆ ಟೇಪು ಇಳಿಸಿ ನೋಡಿದಳು. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಖಾಲಿ.

"ಇದು ಸಡಿಲ" ಅಂದಳು.

"ಅಷ್ಟು ಬಿಡಬೇಕು. ಓಡುವಾಗ ಪಾದ ಮುಂದಕ್ಕೆ ಜಾರುತ್ತೆ."

"ನನ್ನ ಅಂಗಡೀಲಿ ಹೀಗೆ ಬಿಟ್ರೆ ಗಿರಾಕಿಗಳು ಬಟ್ಟೇನ ನನ್ನ ಮುಖಕ್ಕೇ ಎಸೀತಾರೆ. ಚೀಟೀಲಿ ಇರೋ ಸೈಜು ಕೊಡಿ."

ಅವನು ನಿಟ್ಟುಸಿರು ಬಿಟ್ಟು ಕೊಟ್ಟ. ಆಕಾಶನೀಲಿ ಬಣ್ಣ, ಬದಿಯಲ್ಲಿ ಬೆಳ್ಳಿಯ ಗೆರೆ, ನೋಡಿದರೆ ಕಣ್ಣು ತಂಪಾಗುವಂಥದ್ದು. ಹೊರಡುವಾಗ ಅವನು ಮತ್ತೊಮ್ಮೆ, "ಏನಾದ್ರೂ ಆದ್ರೆ ಅವರನ್ನೇ ಕರ್ಕೊಂಡು ಬನ್ನಿ" ಅಂದ. ಆ ಮಾತಿಗೆ ಅವಳು ಸೊಪ್ಪು ಹಾಕಲಿಲ್ಲ, ಮನೆಯಲ್ಲಿ ಯಾರಿಗೂ ಅದನ್ನು ಹೇಳಲೂ ಇಲ್ಲ.

ಸೂಜಿಯ ಖುಷಿ ಹೇಳತೀರದು. ಪೆಟ್ಟಿಗೆ ತೆರೆದವಳೇ ಅತ್ತಿಗೆಯನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು. ಹಾಕಿಕೊಂಡು ಅಂಗಡಿಯ ಉದ್ದಗಲ ನಡೆದಳು.

"ಸ್ವಲ್ಪ ಹಿಡಿದ ಹಾಗಿದೆ ಅತ್ತಿಗೆ."

"ಹಿಡೀಬೇಕು ಮತ್ತೆ! ಹಿಡೀದಿದ್ರೆ ಓಡ್ತಾ ಓಡ್ತಾ ಕಳಚಿ ಬೀಳಲ್ವಾ?"

ದಿನವೂ ಬೆಳಿಗ್ಗೆ ಓಡಿ ಬಂದ ಮೇಲೆ ಸೂಜಿ ತನ್ನ ಸಮಯವನ್ನು ಬೀರುವಿನ ಹಸಿರು ಬಾಗಿಲ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಕ್ಯಾನ್ವಾಸ್ ಶೂಗಳಲ್ಲೇ ಹದಿಮೂರು ನಿಮಿಷ ಆರು ಸೆಕೆಂಡಿಗೆ ಬಂದು ಮುಟ್ಟಿದ್ದಳು. ಹೊಸ ಶೂ ಬಂದ ಮೇಲೆ ಹದಿಮೂರು ನಿಮಿಷ ಹದಿನೈದು ಸೆಕೆಂಡಾಯಿತು. ಆಮೇಲೆ ಹದಿಮೂರು ಇಪ್ಪತ್ತನಾಲ್ಕು. ಒಂದು ವಾರದಲ್ಲಿ ಹದಿಮೂರು ಮೂವತ್ತೊಂದು. ಟೈಲರಕ್ಕ ಹೊಲಿಯುತ್ತ ಹೊಲಿಯುತ್ತ ಕಣ್ಣೆತ್ತಿ ಬೀರು ನೋಡುವಳು, ಲೆಕ್ಕ ಹಾಕುವಳು.

"ಮನಸ್ಸು ಎಲ್ಲಿಟ್ಟಿದೀಯೇ?" ಎಂದು ಒಂದು ದಿನ ರೇಗಿದಳು. "ಅಷ್ಟು ಒಳ್ಳೇ ಶೂ ಕಾಲಲ್ಲಿದೆ, ಓಟ ನೋಡಿದ್ರೆ ಆಮೆಗಿಂತ ಕಡೆ. ಈಗಲೇ ಕೈಚೆಲ್ಲಿ ಕೂತ್ಯಾ?"

ಚುಚ್ಚುವ ಮಾತಿನ ಸೂಜಿ ಬಾಯಿಗೆ ಬೀಗ ಹಾಕಿಕೊಂಡು ಒಳಗೆ ಹೋದಳು. ಅದು ಟೈಲರಕ್ಕನಿಗೆ ಇನ್ನೂ ಭಯ ಹುಟ್ಟಿಸಿತು. ಗಂಡ ಫೋನ್ ಮಾಡಿದಾಗ ಹೇಳಿಕೊಂಡಳು. ಅವನು ಎಲ್ಲೋ ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿಕೊಂಡು, "ಬೈಬೇಡ ಕಣೇ, ಅವಳೇ ಹೆದರಿರ್ತಾಳೆ" ಅಂದ. "ನಾನೆಲ್ಲಿ ಬೈದೆ?" ಎಂದು ಅವನಿಗೂ ಬೈದಳು.

ಪರೀಕ್ಷೆಗೆ ಇಪ್ಪತ್ತೆರಡು ದಿನ ಇತ್ತು. ಒಂದು ಮಧ್ಯಾಹ್ನ ಸೂಜಿಗೆ ರಜೆ. ಅವಳಿಗೆಂದು ಹೊಲಿದ ಓಟದ ಪ್ಯಾಂಟಿನ ಅಂಚು ಮಡಚಲು ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ, "ಸಾಕ್ಸ್ ತೆಗಿ, ಅಂಚು ಸರಿಯಾಗಿ ಕಾಣ್ತಿಲ್ಲ" ಅಂದಳು.

"ಬೇಡ ಬಿಡಿ, ಚಳಿ."

"ಈ ಸೆಕೆಯಲ್ಲಿ ಎಂಥ ಚಳಿ!" ಎಂದು ತಾನೇ ಎಳೆದಳು. ಬಲಗಾಲಿನದು ಬಂತು. ಎಡಗಾಲಿನದನ್ನು ಎಳೆದಾಗ ಸೂಜಿ ಹಲ್ಲು ಕಚ್ಚಿ ಗೋಡೆ ಹಿಡಿದುಕೊಂಡಳು.

ಹೆಬ್ಬೆರಳಿನ ಉಗುರು ಕಪ್ಪುನೀಲಿಯಾಗಿತ್ತು. ಪಕ್ಕದ ಬೆರಳಿನ ತುದಿಯಲ್ಲಿ ರಕ್ತ ತುಂಬಿದ ಬೊಕ್ಕೆ, ಅದರ ಸುತ್ತ ಔಷಧಿ ಅಂಗಡಿಯ ಪಟ್ಟಿ. ಟೈಲರಕ್ಕ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ಎಷ್ಟು ದಿನ ಆಯ್ತು?"

"ಹತ್ತು ದಿನ."

"ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಆಸೆಪಟ್ಟು ತಂದಿದ್ದು ಅತ್ತಿಗೆ. ಮತ್ತೆ ನಿಮ್ಮ ಅಳತೆ ಯಾವತ್ತೂ ತಪ್ಪಾಗಲ್ವಲ್ಲ. ನನ್ನ ಕಾಲೇ ಸರಿ ಇಲ್ಲ, ನಾನೇ ಸರಿಯಾಗಿ ಊರ್ತಿಲ್ಲ ಅಂದ್ಕೊಂಡೆ. ರೂಢಿಯಾಗುತ್ತೆ ಅಂತ ಓಡ್ದೆ."

ನೆಟ್ಟಗೆ ನಿಲ್ಲಿ ಎಂದು ಟೈಲರಕ್ಕ ಎಷ್ಟು ಜನರಿಗೆ ಹೇಳಿದ್ದಳೋ ಲೆಕ್ಕವಿಲ್ಲ. ಅವರೆಲ್ಲ ಹೊರಗಿನವರು, ಬೀದಿಯ ತಿರುವಿನಲ್ಲಿ ಉಸಿರು ಬಿಟ್ಟು ಮರೆತಿರುತ್ತಾರೆ. ಈ ಹುಡುಗಿ ಮಾತ್ರ ಆ ಮಾತನ್ನು ಹದಿನೆಂಟು ವರ್ಷ ಕೇಳಿಕೊಂಡು ಬೆಳೆದವಳು. ಅತ್ತಿಗೆಯ ಟೇಪು ಸರಿ, ತನ್ನ ಕಾಲೇ ತಪ್ಪು ಎಂದು ರಕ್ತ ಸುರಿಸಿಕೊಂಡು ಹತ್ತು ದಿನ ಓಡಿದ್ದಳು. ಟೈಲರಕ್ಕನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಕೆಳಗಿಳಿ. ಎರಡೂ ಕಾಲೂರಿ ನಿಲ್ಲು."

ಎರಡೂ ಪಾದಗಳ ಕೆಳಗೆ ಕಾಗದ ಹಾಕಿ, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು, ಟೇಪು ಹಿಡಿದಳು. ಎಡಗಾಲು ಬಲಗಾಲಿಗಿಂತ ಎರಡು ನೂಲು, ಅಂದರೆ ಇಂಚಿನ ಕಾಲು ಭಾಗದಷ್ಟು, ಉದ್ದ. ಕುಳಿತಾಗ ತೆಗೆದಿದ್ದ ಅಳತೆಗಿಂತ ಬಲಗಾಲೂ ಒಂದು ನೂಲು ಹೆಚ್ಚು. ಅಂಗಿಯ ತೋಳಿನಲ್ಲಿ ಎರಡು ನೂಲು ವ್ಯತ್ಯಾಸ ಕಂಡರೆ ಇಡೀ ತೋಳು ಬಿಚ್ಚಿ ಮತ್ತೆ ಹೊಲಿಯುವವಳು ಅವಳು. ಟೇಪನ್ನು ಮೂರು ಸಲ ಹಿಡಿದಳು, ಮೂರು ಸಲವೂ ಅದೇ ಬಂತು.

"ಚಪ್ಪಲಿ ಹಾಕ್ಕೊ, ನಡಿ. ಆ ಹಳೇ ಕ್ಯಾನ್ವಾಸ್ ಶೂನೂ ತಗೊ" ಅಂದಳು. ನಾಲ್ಕು ಗಂಟೆಗೆ ಕೋಟು ತೆಗೆದುಕೊಂಡು ಹೋಗಲು ಬರುವ ಬ್ಯಾಂಕಿನವರು ಇದ್ದರು. ಅವರು ಕಾಯಲಿ ಎಂದು ಬಾಗಿಲು ಎಳೆದು ಬೀಗ ಜಡಿದಳು.

ನಿಧಾನಪ್ಪ ಅವರನ್ನು ನೋಡಿ ಎದ್ದು ನಿಂತ. ನಾನು ಹೇಳಿರಲಿಲ್ಲವೇ ಎಂಬ ಮಾತು ಅವನ ಬಾಯಿಂದ ಬರುತ್ತದೆ ಎಂದು ಟೈಲರಕ್ಕ ದಾರಿಯುದ್ದಕ್ಕೂ ಹೆದರಿದ್ದಳು. ಅವನು, "ಕೂತ್ಕೊಳ್ಳಿ, ಸುಧಾರಿಸ್ಕೊಳ್ಳಿ" ಅಂದನಷ್ಟೇ. ಅದಕ್ಕೇ ಅವಳು ತಾನಾಗಿಯೇ ಹೇಳಬೇಕಾಯಿತು.

"ನೋಡು ಸೂಜಿ, ಅವತ್ತೇ ಇವರು ನಿನ್ನನ್ನ ಕರ್ಕೊಂಡು ಬನ್ನಿ ಅಂದಿದ್ರು. ಒಂದು ಸೈಜು ದೊಡ್ಡದು ತಗೊಳ್ಳಿ ಅಂದಿದ್ರು. ನಾನು ಕೇಳ್ಲಿಲ್ಲ. ನಿನ್ನ ಕಾಲಿಗೆ ಏನೂ ಆಗಿಲ್ಲ, ತಪ್ಪು ನನ್ನ ಅಳತೇದು."

ಈ ಮಾತು ಹೇಳಿ ಅವಳು ಎದುರಿನ ಗೋಡೆ ನೋಡಿದಳು. ಸೂಜಿ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಆ ಬಾಯಲ್ಲಿ 'ತಪ್ಪು' ಮತ್ತು 'ಅಳತೆ' ಒಟ್ಟಿಗೆ ಬಂದದ್ದನ್ನು ಅವಳು ಕೇಳಿರಲಿಲ್ಲ.

ನಿಧಾನಪ್ಪ ಕ್ಯಾನ್ವಾಸ್ ಶೂಗಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದ.

"ಈ ತೇಪೆ ಯಾರು ಹಾಕಿದ್ದು? ಒಳ್ಳೇ ಕೈ."

"ನಾನೇ. ಎರಡು ಸಲ."

"ಎರಡು ಸಲಾನೂ ಎಡಗಾಲಿಗೇ" ಅಂದ ಅವನು. ಕುಟುಕುವ ದನಿ ಅದಲ್ಲ, ಸುಮ್ಮನೆ ಓದಿ ಹೇಳಿದ ಹಾಗೆ. ಆಮೇಲೆ ಅಟ್ಟೆ ತೋರಿಸಿದ. "ಹಿಮ್ಮಡಿ ಹೊರಗಡೆ ಸವೆದಿದೆ, ಎಲ್ಲರದ್ದೂ ಹಾಗೇ ಸವೆಯೋದು. ಒಳಗಡೆ ಸವೆತ ಇಲ್ಲ. ಪಾದ ಒಳಕ್ಕೆ ವಾಲ್ತಿಲ್ಲ. ಹಾಗಾಗಿ ಬದಿಗೆ ಗಟ್ಟಿ ಆಸರೆ ಇರೋ ಭಾರದ ಶೂ ಬೇಡ. ಹಗುರ ಸಾಕು."

ಮರದ ಅಳತೆಪಟ್ಟಿಯ ಮೇಲೆ ಸೂಜಿಯನ್ನು ನಿಲ್ಲಿಸಿದ. ಎರಡೂ ಕಾಲು, ಓಡುವಾಗ ಹಾಕುವ ಸಾಕ್ಸ್ ಸಮೇತ.

"ನಿಂತೇ ಯಾಕೆ ಅಳೀಬೇಕು?" ಟೈಲರಕ್ಕ ಕೇಳಿದಳು. ವಾದಕ್ಕಲ್ಲ, ಕಲಿಯುವುದಕ್ಕೆ.

"ಮೈಭಾರ ಬಿದ್ರೆ ಪಾದ ಹರಡ್ಕೊಳ್ಳುತ್ತೆ. ಸಂಜೆ ಹೊತ್ತಿಗೆ ಇನ್ನೊಂಚೂರು ಊದ್ಕೊಳ್ಳುತ್ತೆ. ಓಡಿದ್ರೂ ಹಾಗೇ. ನೀವು ತೋಳಿನ ಅಳತೆ ಹೇಗೆ ತಗೋತೀರಿ?"

"ಮೊಣಕೈ ಸ್ವಲ್ಪ ಮಡಚಿಸಿ. ನೆಟ್ಟಗೆ ಹಿಡಿದು ತಗೊಂಡ್ರೆ ಕೈ ಎತ್ತಿದಾಗ ಗಿಡ್ಡ ಆಗುತ್ತಲ್ಲ."

"ಅಷ್ಟೇ ಇದೂ."

ಟೈಲರಕ್ಕನ ಕಣ್ಣು ಅರಳಿತು. ಇಷ್ಟು ಸರಳ ವಿಷಯ! ತೋಳಿಗೆ ಗೊತ್ತಿದ್ದದ್ದು ಕಾಲಿಗೆ ಹೊಳೆಯದೆ ಹೋಯಿತಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಅಲ್ಲಿಂದ ಮುಂದೆ ಅವಳು ಕೇಳಿದ್ದೂ ಕೇಳಿದ್ದೇ. ಅವನು ಹೇಳಿದ್ದೂ ಹೇಳಿದ್ದೇ. ಒಂದು ಗಂಟೆಯಲ್ಲಿ ಇಬ್ಬರೂ ಹಳೆಯ ಸ್ನೇಹಿತರಂತಾದರು.

ನಿಧಾನಪ್ಪನದು ಒಂದು ವಿಚಿತ್ರ ಪದ್ಧತಿ. ಎಡಗಾಲಿಗೆ ಒಂದು ಬಗೆಯ ಶೂ, ಬಲಗಾಲಿಗೆ ಇನ್ನೊಂದು ಬಗೆಯದು ಹಾಕಿಸಿ, ಬೀದಿಯ ಕೊನೆಯ ಅಂಚೆ ಡಬ್ಬಿಯವರೆಗೆ ಓಡಿಸುವುದು. ವಾಪಸು ಬಂದ ಮೇಲೆ ಯಾವ ಕಾಲಿಗೆ ಹಿತ ಎಂದು ಕೇಳುವುದು. ಸೋತದ್ದನ್ನು ತೆಗೆದಿಟ್ಟು, ಗೆದ್ದದ್ದನ್ನು ಕಾಲು ಬದಲಾಯಿಸಿ ಇನ್ನೊಂದರ ಜೊತೆ ಓಡಿಸುವುದು. ಬಣ್ಣದ ಮಾತು ಎತ್ತುವ ಹಾಗೇ ಇಲ್ಲ. ಸೂಜಿಯ ನೊಂದ ಬೆರಳಿಗೆ ಹತ್ತಿ ಸುತ್ತಿ, "ಜೋರಾಗಿ ಬೇಡ, ಮೆಲ್ಲಗೆ. ನೋವಾದ್ರೆ ನಿಂತ್ಬಿಡಿ" ಅಂದ.

ಮೊದಲನೆಯದು ಹಿಮ್ಮಡಿಯಲ್ಲಿ ಜಾರಿತು. ಎರಡನೆಯದು ಕಿರುಬೆರಳಿಗೆ ಒತ್ತಿತು. ಮೂರನೆಯದು ಕೆಂಪುಗಂದು ಬಣ್ಣದ್ದು, ಟೈಲರಕ್ಕನಿಗೆ ಬಹಳ ಹಿಡಿಸಿತ್ತು. ಸೂಜಿ ಅಂಚೆ ಡಬ್ಬಿಯಿಂದಲೇ ತಲೆಯಾಡಿಸುತ್ತ ಬಂದಳು. "ಹಲಗೆ ಕಟ್ಕೊಂಡ ಹಾಗಿದೆ." ಟೈಲರಕ್ಕ ಬಾಯಿ ತೆರೆದು, ಮುಚ್ಚಿಕೊಂಡಳು.

ಕೊನೆಗೆ ನಿಧಾನಪ್ಪ ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದ. ಒಳಗಿದ್ದದ್ದು ಹಳದಿ, ಅದೂ ಕಣ್ಣು ಕುಕ್ಕುವ ಹಳದಿ. ಈ ಸಲ ಎರಡೂ ಕಾಲಿಗೆ ಅದನ್ನೇ ಹಾಕಿಸಿದ. ಮುಂದೆ ಹೆಬ್ಬೆರಳಿನಷ್ಟು ಜಾಗ ಇದೆಯೇ ಎಂದು ಒತ್ತಿ ನೋಡಿದ. ಎಡಗಾಲಿಗೆ ಸರಿ ಇತ್ತು, ಬಲಗಾಲಿಗೆ ತುಸು ಹೆಚ್ಚೇ ಇತ್ತು. ಬಲಗಾಲಿನ ಲೇಸನ್ನು ಮೇಲಿನ ಕೊನೆಯ ತೂತಿನಲ್ಲಿ ಕುಣಿಕೆ ಮಾಡಿ ತೂರಿಸಿ ಹಿಮ್ಮಡಿ ಬಿಗಿಯಾಗಿ ಕೂರುವಂತೆ ಕಟ್ಟಿದ.

"ಬಲಗಡೆ ಮುಂದೆ ಒಂದು ತೆಳು ಫೆಲ್ಟ್ ತುಂಡು ಇಟ್ಟು ನಾನೇ..." ಎಂದು ಟೈಲರಕ್ಕ ಬಗ್ಗಿದಳು.

"ಬೇಡಮ್ಮ. ಮುಂದೆ ಖಾಲಿ ಇದ್ರೆ ಏನೂ ಆಗಲ್ಲ. ಹಿಮ್ಮಡಿ ಹಿಡಿದ್ರೆ ಸಾಕು."

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹೊರಗೆ ಬಿಟ್ಟರೆ ಅವು ಸುಮ್ಮನಿರುವ ಕೈಗಳಲ್ಲ.

ಸೂಜಿ ಹೊರಟಳು. ಅಂಚೆ ಡಬ್ಬಿ ಮುಟ್ಟಿದಳು. ಅಲ್ಲಿ ತಿರುಗಬೇಕಾದವಳು ತಿರುಗಲಿಲ್ಲ, ಮೂಲೆ ದಾಟಿ ಕಣ್ಮರೆಯಾದಳು. ಟೈಲರಕ್ಕ ಬಾಗಿಲಿಗೆ ಬಂದು ಕತ್ತು ಚಾಚಿದಳು. ಒಂದು ನಿಮಿಷ, ಎರಡು ನಿಮಿಷ. "ಎಲ್ಲಿ ಹೋದ್ಲು ಇವಳು? ಶೂ ಸಮೇತ ಕಾಲಿಗೆ ಬುದ್ಧಿ ಹೇಳಿದ್ಲಾ?" ಅಂದಳು. ನಿಧಾನಪ್ಪ ನಗುತ್ತ ಪೆಟ್ಟಿಗೆಯ ಧೂಳು ಒರೆಸತೊಡಗಿದ. ಅಷ್ಟರಲ್ಲಿ ಬೀದಿಯ ಇನ್ನೊಂದು ತುದಿಯಿಂದ ಹಳದಿ ಚುಕ್ಕೆಗಳೆರಡು ಬರುತ್ತಿರುವುದು ಕಂಡಿತು. ಇಡೀ ಕೇರಿಯನ್ನೇ ಸುತ್ತು ಹಾಕಿ ಬಂದಿದ್ದಳು.

"ಹೇಗಿದೆ?" ಟೈಲರಕ್ಕ ಕೇಳಿದಳು.

"ಕೇಳೋದು ಬೇಡಮ್ಮ" ಅಂದ ನಿಧಾನಪ್ಪ. "ನಾನು ಪ್ಯಾಕ್ ಮಾಡ್ತೀನಿ."

"ಬೇರೆ ಬಣ್ಣ ಇಲ್ವಾ?"

"ಇಲ್ಲ. ಹಳೇ ಸ್ಟಾಕು, ಇದೊಂದೇ."

"ದೇವರೇ! ಬೆಂಕಿ ಆರಿಸೋಕೆ ಹೋಗೋಳೇ ಬೆಂಕಿ ಹಚ್ಕೊಂಡ ಹಾಗೆ ಕಾಣ್ತಾಳೆ" ಎಂದು ಅವಳು ಹಣೆ ಒತ್ತಿಕೊಂಡಳು. ಮೂವರೂ ನಕ್ಕರು. ಬಾಗಿಲವರೆಗೆ ಬಂದು ನಿಧಾನಪ್ಪ ಒಂದು ಎಚ್ಚರಿಕೆ ಹೇಳಿದ. ನಾಲ್ಕು ದಿನ ಓಡಲೇಬಾರದು, ಬೆರಳು ಮಾಯಬೇಕು. ಆಮೇಲೂ ಒಂದು ವಾರ ಅವಸರ ಬೇಡ. ಇರುವುದೇ ಇಪ್ಪತ್ತೆರಡು ದಿನ, ಅದರಲ್ಲಿ ಅರ್ಧ ಹೀಗೇ ಹೋಗುತ್ತದೆ ಎಂದು ಲೆಕ್ಕ ಹಾಕಿದಾಗ ಇಬ್ಬರ ನಗುವೂ ಇಳಿಯಿತು.

ಮನೆಯ ದಾರಿಯಲ್ಲಿ ಟೈಲರಕ್ಕ ಅಂದಳು, "ಇನ್ಮೇಲೆ ನಾನು ಕೊಟ್ಟಿದ್ದು ಚುಚ್ಚಿದ್ರೆ ಹೇಳು."

"ನೀವು ಬೈತೀರಿ."

"ಬೈತೀನಿ. ಆದ್ರೂ ಹೇಳು."

ಸೂಜಿ ಹತ್ತು ಹೆಜ್ಜೆ ಯೋಚಿಸಿದಳು. "ಹಾಗಾದ್ರೆ ಒಂದು ಹೇಳ್ಲಾ? ಆ ಹೊಸ ಪ್ಯಾಂಟಿನ ಸೊಂಟ ಬಿಗಿ."

ನೀನೇ ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದೆ ಎಂಬ ಮಾತು ಟೈಲರಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಕಷ್ಟಪಟ್ಟು ನುಂಗಿದಳು. "ಎಷ್ಟು ಬಿಡ್ಲಿ?" ಎಂದು ಕೇಳಿದಳು. ಸೂಜಿ ಅತ್ತಿಗೆಯ ತೋಳಿಗೆ ತೋಳು ಸೇರಿಸಿಕೊಂಡು, ಕುಂಟುತ್ತಲೇ, ಮನೆಯವರೆಗೂ ಹರಟುತ್ತ ಬಂದಳು.

ನಾಲ್ಕು ದಿನ ಬೀರುವಿನ ಬಾಗಿಲ ಮೇಲೆ ಏನೂ ಬರೆಯಲಿಲ್ಲ. ಐದನೆಯ ದಿನ ಹದಿಮೂರು ನಲವತ್ತು. ಆ ದಿನ ಟೈಲರಕ್ಕ ಒಂದು ಕಾಲರನ್ನು ತಿರುವುಮುರುವಾಗಿ ಹೊಲಿದಳು. ಮುಂದಿನ ವಾರ ಹದಿಮೂರು ಇಪ್ಪತ್ತು. ಕಪ್ಪಾದ ಉಗುರು ತಾನಾಗಿ ಉದುರಿತು, ಅಡಿಯಲ್ಲಿ ಮಗುವಿನ ಉಗುರಿನಂಥ ತೆಳು ಉಗುರು ಕಂಡಿತು. ನೋವಿದೆಯೇ ಎಂದು ದಿನಕ್ಕೆ ಮೂರು ಸಲ ಕೇಳಿ ಸೂಜಿಯಿಂದ ಬೈಸಿಕೊಂಡಳು. ಆಮೇಲೆ ಹದಿಮೂರು ಹನ್ನೊಂದು, ಹದಿಮೂರು ನಾಲ್ಕು. ಪರೀಕ್ಷೆಗೆ ಎರಡು ದಿನ ಇರುವಾಗ ಹದಿಮೂರು ಒಂದು. ಹದಿಮೂರರೊಳಗೆ ಒಂದು ಸಲವೂ ಬರಲಿಲ್ಲ. ಕಳೆದುಹೋದ ಆ ಹತ್ತು ದಿನಗಳು ತನ್ನಿಂದ ಕಳೆದುಹೋದವು ಎಂಬುದನ್ನು ಟೈಲರಕ್ಕ ಯಾರ ಹತ್ತಿರವೂ ಹೇಳಲಿಲ್ಲ, ಮರೆಯಲೂ ಇಲ್ಲ.

ಹಗ್ಗ, ಏಣಿ, ಮೂಟೆ ಈ ಸಲವೂ ಮೊದಲೇ ಮುಗಿದು, ಓಟವೊಂದೇ ಬಾಕಿಯಿತ್ತು. ಓಟದ ಪರೀಕ್ಷೆಯ ದಿನ ಮೈದಾನದ ಸುತ್ತ ತಂತಿ ಬೇಲಿ. ಜೊತೆಗೆ ಬಂದವರೆಲ್ಲ ಬೇಲಿಯ ಆಚೆಯೇ ನಿಲ್ಲಬೇಕು. ಟೈಲರಕ್ಕ ಬೆಳಗ್ಗೆ ಬೇಗ ಹೋಗಿ, ಓಟ ಮುಗಿಯುವ ಗೆರೆಯ ಪಕ್ಕದ ದೊಡ್ಡ ಗಡಿಯಾರ ಕಾಣುವ ಜಾಗ ಹಿಡಿದು, ಎರಡೂ ಕೈಗಳಿಂದ ತಂತಿ ಹಿಡಿದು ನಿಂತಳು. ಮೂವತ್ತೆರಡು ಹುಡುಗಿಯರು ಸಾಲಾಗಿ ನಿಂತರು. ಹಳದಿ ಶೂ ಒಬ್ಬಳದೇ. ಹುಡುಕುವ ಕಷ್ಟವಿರಲಿಲ್ಲ.

ಸೀಟಿ ಕೇಳಿಸಿತು. ಮೊದಲ ಎರಡು ಸುತ್ತು ಸೂಜಿ ನಡುವಿನ ಗುಂಪಿನಲ್ಲಿದ್ದಳು. ಮೂರನೆಯದರಲ್ಲಿ ನಾಲ್ಕು ಜನರನ್ನು ದಾಟಿದಳು. ನಾಲ್ಕನೆಯದು ಮುಗಿದಾಗ ಗಡಿಯಾರದಲ್ಲಿ ಎಂಟು ನಿಮಿಷ ಮೂವತ್ತೆಂಟು ಸೆಕೆಂಡು. ಟೈಲರಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದೊಂದು ಸುತ್ತಿಗೆ ಎರಡು ನಿಮಿಷ ಹತ್ತು ಸೆಕೆಂಡು ಹಿಡಿದರೆ ಹನ್ನೆರಡು ಐವತ್ತೆಂಟು. ಎರಡು ಸೆಕೆಂಡಿನ ಬಿಡುವು. ಉಸಿರು ಎಳೆದುಕೊಳ್ಳುವುದಕ್ಕೂ ಸಾಲದು.

ಐದನೆಯ ಸುತ್ತಿನ ಅರ್ಧದಲ್ಲಿ ಸೂಜಿಯ ಭುಜ ಇಳಿಯಿತು. ಟೈಲರಕ್ಕ ಎಷ್ಟೋ ಭುಜ ನೋಡಿದವಳು, ಸೋತ ಭುಜ ಯಾವುದೆಂದು ಅವಳಿಗೆ ಗೊತ್ತು. ಮುಂದಿದ್ದವರು ಇನ್ನೂ ಮುಂದೆ ಹೋದರು, ಹಿಂದಿದ್ದ ಇಬ್ಬರು ಸೂಜಿಯನ್ನು ದಾಟಿದರು. ಗೆರೆ ದಾಟಿದಾಗ ಹತ್ತು ಐವತ್ಮೂರು. ಹಾಗಾದರೆ ಕೊನೆಯ ಸುತ್ತಿಗೆ ಉಳಿದದ್ದು ಎರಡು ನಿಮಿಷ ಏಳು ಸೆಕೆಂಡು.

ಸೂಜಿ ಬೇಲಿಯ ಹತ್ತಿರದ ತಿರುವಿಗೆ ಬಂದಳು. ಮುಖ ಸುಣ್ಣದಂತೆ ಬಿಳಿಚಿತ್ತು.

"ನೋವಾ?" ಟೈಲರಕ್ಕ ಗಂಟಲು ಹರಿಯುವಂತೆ ಕೂಗಿದಳು.

"ಇಲ್ಲಾ!" ಎಂದು ಸೂಜಿ ಓಡುತ್ತಲೇ ಕೂಗಿದಳು.

"ಹಾಗಾದ್ರೆ ಓಡೇ! ಇನ್ನೊಂದೇ ಸುತ್ತು! ಓಡು ಮಗಳೇ!"

ಮಗಳೇ ಎಂದು ಅವಳು ಯಾವತ್ತೂ ಕರೆದವಳಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದೇ. ಸೂಜಿ ಕೇಳಿಸಿಕೊಂಡಳೋ ಇಲ್ಲವೋ, ತೋಳುಗಳು ಮತ್ತೆ ಬೀಸತೊಡಗಿದವು. ದಾಟಿದ್ದ ಇಬ್ಬರಲ್ಲಿ ಒಬ್ಬಳನ್ನು ಎದುರು ಬದಿಯಲ್ಲಿ ಹಿಂದೆ ಹಾಕಿದಳು, ಇನ್ನೊಬ್ಬಳನ್ನು ಕೊನೆಯ ತಿರುವಿನಲ್ಲಿ. ಗಡಿಯಾರ ಹನ್ನೆರಡು ನಲವತ್ತು ತೋರಿಸಿತು. ನೇರದಾರಿ ಬಂತು. ಟೈಲರಕ್ಕನಿಗೆ ಕೂಗುವ ಶಕ್ತಿ ಉಳಿದಿರಲಿಲ್ಲ, ತಂತಿಯನ್ನು ಹಿಡಿದು ಅಲುಗಿಸುತ್ತಿದ್ದಳು. ಪಕ್ಕದಲ್ಲಿದ್ದ ಯಾರದೋ ತಾಯಿ ಇವಳ ಪರವಾಗಿ ಕೂಗಿದಳು. ಸೂಜಿ ಗೆರೆ ದಾಟಿ, ನಾಲ್ಕು ಹೆಜ್ಜೆ ಮುಂದೆ ಹೋಗಿ, ಹುಲ್ಲಿನ ಮೇಲೆ ಬಿದ್ದಳು.

ಹನ್ನೆರಡು ಐವತ್ತಾರು.

ಬಾಗಿಲು ಮೈದಾನದ ಇನ್ನೊಂದು ಬದಿಯಲ್ಲಿತ್ತು. ಟೈಲರಕ್ಕ ತಂತಿ ಬಿಟ್ಟು ಹೊರಟಳು. ಮೊದಲು ನಡೆದಳು, ಆಮೇಲೆ ದಾಪುಗಾಲು ಹಾಕಿದಳು, ಆಮೇಲೆ ಓಡಿದಳು. ನಲವತ್ತಾರನೆಯ ವಯಸ್ಸಿನಲ್ಲಿ, ರಬ್ಬರ್ ಚಪ್ಪಲಿಯಲ್ಲಿ, ಕೊರಳಲ್ಲಿ ಮರೆತು ಉಳಿದಿದ್ದ ಟೇಪು ಹಾರಾಡುತ್ತಿರಲು, ಬೇಲಿಯ ಅರ್ಧ ಸುತ್ತು ಓಡಿದಳು. ಬಾಗಿಲಿನ ಕಾವಲುಗಾರ ಕೈ ಅಡ್ಡ ಹಿಡಿದವನು ಅವಳ ಮುಖ ನೋಡಿ ಕೈ ತೆಗೆದ. ಸೂಜಿ ಎದ್ದು ಕೂತಿದ್ದಳು. ಇವಳು ಮಂಡಿಯೂರಿ ಅವಳನ್ನು ಬಾಚಿ ತಬ್ಬಿಕೊಂಡಳು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಗಂಡ. ಟೈಲರಕ್ಕ ಕಿವಿಗೆ ಹಿಡಿದಳು, ಬಾಯಿ ತೆರೆದಳು, ಬಿಕ್ಕಳಿಕೆ ಬಿಟ್ಟು ಏನೂ ಹೊರಡಲಿಲ್ಲ.

"ಏನಾಯ್ತೇ? ಯಾಕೆ ಅಳ್ತಿದೀಯ? ಏನಾಯ್ತು ಹೇಳೇ!" ಅವನ ಕೂಗು ಸೂಜಿಗೂ ಕೇಳಿಸಿತು. ಅವಳು ಫೋನ್ ಕಿತ್ತುಕೊಂಡಳು.

"ಅಣ್ಣಾ, ಪಾಸು! ನಾಲ್ಕು ಸೆಕೆಂಡು ಮೊದಲೇ! ಇಲ್ಲಣ್ಣ, ಅವರಿಗೆ ಏನೂ ಆಗಿಲ್ಲ. ಸುಮ್ನೆ ಅಳ್ತಿದಾರೆ. ನನಗಿಂತ ಜೋರಾಗಿ ಓಡ್ಬಿಟ್ರು."

ಎಲ್ಲೋ ದೂರದ ರಸ್ತೆಯಲ್ಲಿ ಒಂದು ಲಾರಿಯ ಹಾರ್ನು ಫೋನಿನೊಳಗಿಂದ ಕೇಳತೊಡಗಿತು, ಅದು ನಿಲ್ಲಲೇ ಇಲ್ಲ.